ಬೆಟ್ಟದ ಕಾಫಿಗೆ ಹೆಸರು ಬೇಕು, ಮನೆಯ ದುಡಿಮೆಗೆ ಲೆಕ್ಕ ಬೇಕು



ಚಹಾ ಕುಡಿಯುವ ಹುಬ್ಬಳ್ಳಿ-ಧಾರವಾಡದಲ್ಲಿ ಕುಳಿತು ಕಾಫಿಯ ಮಾತೇಕೆ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಎರೆಭೂಮಿಯಲ್ಲಿ ಹತ್ತಿ, ಜೋಳ, ಮೆಣಸಿನಕಾಯಿ ಬೆಳೆಯುವವರಿಗೆ ಕಾಫಿ ಗಿಡದ ಪರಿಚಯ ಕಡಿಮೆ, ನಿಜ. ಆದರೆ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಉತ್ತರ ಕನ್ನಡ ಜಿಲ್ಲೆಯೂ ಸೇರಿದೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟಿಗರೂ ಈ ಪುಟಗಳನ್ನು ಓದುತ್ತಾರೆ. ಈಚಿನ ವರ್ಷಗಳಲ್ಲಿ ಅವರು ಕೇಳುತ್ತಿರುವ ಪ್ರಶ್ನೆ ಒಂದೇ: ಅಡಿಕೆಗೆ ಎಲೆಚುಕ್ಕಿ ರೋಗ ಬಿದ್ದಿದೆ, ಕಾಫಿಯ ಧಾರಣೆ ಏರಿದೆ, ತೋಟದ ನಡುವೆ ಕಾಫಿ ಹಾಕೋಣವೇ? ಹಾಕುವುದಾದರೆ ಪೇಟೆಯಲ್ಲಿ 'ಸ್ಪೆಷಾಲ್ಟಿ ಕಾಫಿ' ಎನ್ನುತ್ತಾರಲ್ಲ, ಅದನ್ನೇ ಮಾಡಿದರೆ ಹೇಗೆ?

ಪ್ರಶ್ನೆ ಸಹಜವಾದದ್ದು. ಇದಕ್ಕೆ ಹೌದು ಅಥವಾ ಅಲ್ಲ ಎಂದು ಒಂದು ಮಾತಿನಲ್ಲಿ ಉತ್ತರ ಕೊಟ್ಟರೆ ತಪ್ಪಾದೀತು. ಆದ್ದರಿಂದ ಮೊದಲು ಘಟ್ಟದ ದಕ್ಷಿಣಕ್ಕೆ, ಚಿಕ್ಕಮಗಳೂರಿನ ಬೆಟ್ಟಕ್ಕೆ ಹೋಗಿ ಬರೋಣ. ಈ ಪೀಕಿನ ಒಳ್ಳೆಯದನ್ನೂ ಕೆಟ್ಟದ್ದನ್ನೂ ಹೆಚ್ಚು ಕಾಲ ಉಂಡವರು ಅಲ್ಲಿದ್ದಾರೆ.

ಯೆಮನ್ ದೇಶದ ಮೋಕಾ ಬಂದರಿನಿಂದ ಬಾಬಾಬುಡನ್ ಏಳು ಬೀಜ ತಂದು ಚಂದ್ರದ್ರೋಣ ಪರ್ವತದಲ್ಲಿ ನೆಟ್ಟರೆಂಬುದು 17ನೆಯ ಶತಮಾನದ ಐತಿಹ್ಯ. ದೊಡ್ಡ ಎಸ್ಟೇಟುಗಳು ಬಂದದ್ದು ಬಹಳ ತಡವಾಗಿ, ಬ್ರಿಟಿಷರ ಕಾಲದಲ್ಲಿ. ಆದರೆ ಕಾಫಿ ಎಂದರೆ ನೂರಾರು ಎಕರೆಯ ಧಣಿಗಳ ಬೆಳೆ ಎಂದು ತಿಳಿಯುವುದು ತಪ್ಪು. ದೇಶದ ಕಾಫಿ ಹಿಡುವಳಿಗಳಲ್ಲಿ ನೂರಕ್ಕೆ 98ಕ್ಕೂ ಹೆಚ್ಚು 10 ಹೆಕ್ಟೇರಿಗಿಂತ ಚಿಕ್ಕವು. ಒಟ್ಟು ಹುಟ್ಟುವಳಿಯಲ್ಲಿ ಹೆಚ್ಚಿನ ಪಾಲು ಬರುವುದೂ ಇವುಗಳಿಂದಲೇ. ಕರ್ನಾಟಕವೊಂದೇ ದೇಶದ ಕಾಫಿಯಲ್ಲಿ ಸುಮಾರು ನೂರಕ್ಕೆ 70ರಷ್ಟನ್ನು ಬೆಳೆಯುತ್ತದೆ. ಅಂದರೆ ನಾವು ಮಾತಾಡುತ್ತಿರುವುದು ಒಂದು ಮನೆ, ನಾಲ್ಕೈದು ಎಕರೆ ಇಳಿಜಾರು, ಹಾಲುವಾಣ-ಸಿಲ್ವರ್ ಓಕ್-ಹಲಸಿನ ನೆರಳು, ಮರಕ್ಕೆ ಹಬ್ಬಿದ ಕಾಳುಮೆಣಸು, ಅಂಗಳದಲ್ಲೊಂದು ಕಣ ಇಷ್ಟರ ಒಕ್ಕಲುತನದ ಬಗ್ಗೆ.

ಈ ಚಿಕ್ಕ ಬೆಳೆಗಾರನ ಕಾಫಿಗೆ ಹೆಸರೇ ಇರಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಪರದೇಶದ ಪೇಟೆ ಮುಚ್ಚಿದಾಗ ಬೆಳೆಗಾರರನ್ನು ಉಳಿಸಲೆಂದು 1942ರಲ್ಲಿ ಕಾಫಿ ಕಾಯಿದೆ ಬಂತು. ಬೆಳೆದ ಮಾಲನ್ನೆಲ್ಲ ಕಾಫಿ ಮಂಡಳಿಯ ಪೂಲಿಗೆ ಒಪ್ಪಿಸಬೇಕು, ಮಂಡಳಿ ಹರಾಜು ಮಾಡಿ ಕಂತುಗಳಲ್ಲಿ ಹಣ ಕೊಡಬೇಕು, ಇದು ವ್ಯವಸ್ಥೆ. ದರ್ಜೆಗೆ ತಕ್ಕಂತೆ ಹಣದಲ್ಲಿ ವ್ಯತ್ಯಾಸವಿತ್ತು. ಆದರೆ ಪೂಲಿಗೆ ಬಿದ್ದ ಮೇಲೆ ನಿಮ್ಮ ಕಾಫಿ ಯಾವುದು, ನೆರೆಯವನದು ಯಾವುದು ಎಂಬುದು ಅಳಿದುಹೋಗುತ್ತಿತ್ತು. ಆ ಪದ್ಧತಿಯನ್ನು ಪೂರ್ತಿಯಾಗಿ ಜರಿಯುವವರ ಸಾಲಿನಲ್ಲಿ ನಾನು ನಿಲ್ಲುವುದಿಲ್ಲ. ಪೇಟೆಯ ಹೊಡೆತಕ್ಕೆ ಅದು ಒಂದು ಗೋಡೆಯಾಗಿತ್ತು ಎಂಬುದನ್ನು ಹಳಬರು ಇಂದಿಗೂ ನೆನೆಯುತ್ತಾರೆ. 1992ರಿಂದ ಹಂತ ಹಂತವಾಗಿ ಸಡಿಲವಾಗಿ 1996ರ ಹೊತ್ತಿಗೆ ಮಾರಾಟ ಪೂರ್ತಿ ಮುಕ್ತವಾಯಿತು. ಅದಾದ ಐದಾರು ವರ್ಷಕ್ಕೇ, 2001-02ರ ಸುಮಾರಿಗೆ, ಜಗತ್ತಿನ ಧಾರಣೆ ಪಾತಾಳಕ್ಕೆ ಇಳಿದಾಗ ಗೋಡೆ ಇಲ್ಲದ ಮನೆ ಎಂತಹುದೆಂದು ಎಲ್ಲರಿಗೂ ತಿಳಿಯಿತು.

ಈಗ ಗಮನಿಸಬೇಕಾದ ಸಂಗತಿಗೆ ಬರುತ್ತೇನೆ. ಮಾರಾಟ ಮುಕ್ತವಾಗಿ ಎಷ್ಟೋ ವರ್ಷವಾದರೂ ಚಿಕ್ಕ ಬೆಳೆಗಾರನ ಕಾಫಿಗೆ ಹೆಸರು ಬಂದಿಲ್ಲ. ಕೊಯ್ಲು ಮುಗಿಯುತ್ತಲೇ ಸಾಲದವರು ಬಾಗಿಲಿಗೆ ಬರುತ್ತಾರೆ. ಒಣಗಿದ ಚೆರಿಯನ್ನು ಚೀಲ ತುಂಬಿ ಊರಿನ ವ್ಯಾಪಾರಿಗೆ ಕೊಡುತ್ತಾನೆ. ವ್ಯಾಪಾರಿ ತೇವ ನೋಡುತ್ತಾನೆ, ಔಟ್‌ಟರ್ನ್ ನೋಡುತ್ತಾನೆ, ತೂಗುತ್ತಾನೆ. ಅಲ್ಲಿಗೆ ಆ ಮನೆಯ ಕಾಫಿ ಹತ್ತು ಮನೆಯ ಕಾಫಿಯೊಂದಿಗೆ ಒಂದೇ ರಾಶಿಯಾಗುತ್ತದೆ. ಮೊದಲು ಸರಕಾರದ ಪೂಲು, ಈಗ ವ್ಯಾಪಾರಿಯ ಗೋದಾಮು. ಹೆಸರು ಕಳೆಯುವ ಜಾಗ ಬದಲಾಗಿದೆ ಅಷ್ಟೆ.

ಸ್ಪೆಷಾಲ್ಟಿ ಕಾಫಿ ಎಂದರೆ ಏನೆಂಬುದು ಇಲ್ಲಿ ಅರ್ಥವಾಗುತ್ತದೆ. ಅದು ಯಾವುದೋ ವಿಶೇಷ ತಳಿಯ ಹೆಸರಲ್ಲ. ಇಂತಹ ಊರಿನ, ಇಂತಹ ತೋಟದ, ಇಂತಹ ದಿನ ಕೊಯ್ದು ಹೀಗೆ ಒಣಗಿಸಿದ ಕಾಫಿ ಎಂದು ಗುರುತು ಹಿಡಿಯಬಲ್ಲ, ರುಚಿಯಲ್ಲಿ ದೋಷವಿಲ್ಲದ ಕಾಫಿ. ತಜ್ಞರು ಹುರಿದು, ಪುಡಿಮಾಡಿ, ಬಿಸಿನೀರು ಹಾಕಿ, ಮೂಸಿ, ಚಮಚದಿಂದ ಸುರ್ರೆಂದು ಹೀರಿ ನೂರಕ್ಕೆ ಅಂಕ ಹಾಕುತ್ತಾರೆ. 80 ಅಂಕ ದಾಟಿದರೆ ಅದು ಈ ಪಂಕ್ತಿಗೆ ಸೇರುತ್ತದೆ. ಒಂದು ಹುಳಿಬಂದ ಬೀಜ, ಒಂದು ಬೂಷ್ಟು ಹಿಡಿದ ಬೀಜ ಇಡೀ ಬಟ್ಟಲನ್ನು ಕೆಡಿಸುತ್ತದೆ.

ಬ್ಯಾಡಗಿ ಮೆಣಸಿನಕಾಯಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದೇ ದಿನ, ಒಂದೇ ಪೇಟೆಯಲ್ಲಿ, ಅಕ್ಕಪಕ್ಕದ ಎರಡು ರಾಶಿಗೆ ಧಾರಣೆ ಬೇರೆ. ಬೀಜ ಅದೇ, ಹೊಲ ಅದೇ. ಒಂದು ರಾಶಿಯವರು ಕಣದ ಮೇಲೆ ನಿಗಾ ಇಟ್ಟರು, ಬಿಳಿಗಾಯಿ ಆರಿಸಿ ತೆಗೆದರು, ಇಬ್ಬನಿಗೆ ಮುಚ್ಚಿದರು. ಇನ್ನೊಂದರವರು ಹಸಿ ನೆಲದ ಮೇಲೆ ಸುರಿದು ಊರಿಗೆ ಹೋದರು. ಕಾಫಿಯಲ್ಲಿಯೂ ಹೆಸರು ಉಳಿಯುವುದೋ ಅಳಿಯುವುದೋ ಎಂಬುದು ಹೆಚ್ಚಾಗಿ ಕೊಯ್ಲಿನ ಬುಟ್ಟಿಯಲ್ಲಿ ಮತ್ತು ಕಣದ ಮೇಲೆ ತೀರ್ಮಾನವಾಗುತ್ತದೆ.

ಆದ್ದರಿಂದ ತಳಿಯ ಹಿಂದೆ ಓಡುವವರಿಗೆ ಒಂದು ಮಾತು. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 1925ರಲ್ಲಿ ಆರಂಭವಾಯಿತು. ಎಲೆ ತುಕ್ಕು ರೋಗಕ್ಕೆ ತಡೆದು ನಿಲ್ಲುವ ಗಿಡವನ್ನು ಹುಡುಕುತ್ತ ಅದು 1940ರ ದಶಕದಲ್ಲಿ ಕೊಟ್ಟ ಎಸ್. 795 ತಳಿ ಇಂದಿಗೂ ಹಲವು ಬೆಟ್ಟಗಳಲ್ಲಿದೆ, ಅದರ ಬಟ್ಟಲಿನ ರುಚಿಯನ್ನು ಬಲ್ಲವರು ಮೆಚ್ಚುತ್ತಾರೆ. 2007ರಲ್ಲಿ ಬಂದ ಚಂದ್ರಗಿರಿ ತುಕ್ಕಿಗೆ ಇನ್ನೂ ಗಟ್ಟಿ. ಹೀಗಿರುವಾಗ ಪರದೇಶದ ಹರಾಜಿನಲ್ಲಿ ಯಾವುದೋ ತಳಿಗೆ ಬಂಗಾರದ ಬೆಲೆ ಬಂತೆಂದು ಓದಿ, ಫಲ ಕೊಡುವ ಗಿಡ ಕಿತ್ತು, ಅದರ ಬೀಜ ತರಿಸುವ ಹುಚ್ಚು ಬೇಡ. ಅರೇಬಿಕಾದ ನಿಜವಾದ ವೈರಿ ಬಿಳಿ ಕಾಂಡ ಕೊರಕ ಹುಳ. ಅದು ತಳಿಯ ಪ್ರತಿಷ್ಠೆ ನೋಡಿ ಬಿಡುವುದಿಲ್ಲ. ನೆರಳು ತೆಳ್ಳಗಾದ ಕಡೆ ಮೊದಲು ಬರುತ್ತದೆ.

ಇನ್ನು ಕೆಲಸದ ಕ್ರಮ. ಅರೇಬಿಕಾ ಹಣ್ಣು ನವೆಂಬರದಿಂದ ಜನವರಿಯವರೆಗೆ ಒಂದೇ ಸಲಕ್ಕೆ ಹಣ್ಣಾಗದೆ ಬಿಟ್ಟುಬಿಟ್ಟು ಹಣ್ಣಾಗುತ್ತದೆ. ಸರಿಯಾದ ಕ್ರಮದಲ್ಲಿ ಮೊದಲು ಅಲ್ಲಲ್ಲಿ ಕೆಂಪಾದದ್ದನ್ನು ಆಯ್ದುಕೊಳ್ಳಬೇಕು, ಆಮೇಲೆ ಮುಖ್ಯ ಕೊಯ್ಲು, ಕೊನೆಗೆ ಉಳಿದದ್ದನ್ನು ಸವರುವುದು, ಉದುರಿದ್ದನ್ನು ಆರಿಸುವುದು. ಈ ಕೊನೆಯ ಆರಿಸುವಿಕೆಯನ್ನು ಬಿಟ್ಟರೆ ಕಾಯಿ ಕೊರಕ ಹುಳ ಅದರಲ್ಲಿಯೇ ಉಳಿದು ಮುಂದಿನ ಪೀಕಿಗೆ ಏರುತ್ತದೆ. 1990ರಲ್ಲಿ ನೀಲಗಿರಿಯ ಕಡೆ ಮೊದಲು ಕಂಡ ಈ ಹುಳ ಕರ್ನಾಟಕದ ತೋಟಗಳಿಗೂ ಹರಡಿದ ಮೇಲೆ ಮೈಗಳ್ಳತನಕ್ಕೆ ಎಡೆಯಿಲ್ಲ.

ಕೊಯ್ದ ಹಣ್ಣನ್ನು ನೀರಿಗೆ ಹಾಕಿ ತೇಲುಕಾಯಿ ತೆಗೆಯಬೇಕು, ಹಸಿಕಾಯಿ ಆರಿಸಬೇಕು, ಅದೇ ದಿನ ಪಲ್ಪರಿಗೆ ಹಾಕಬೇಕು. ರಾತ್ರಿ ಚೀಲದಲ್ಲಿ ಬಿಟ್ಟರೆ ಒಳಗೆ ಕಾವೇರಿ ಹುಳಿ ಹುಟ್ಟುತ್ತದೆ. ಲೋಳೆ ಬಿಡಲು ಚಳಿಗೆ ತಕ್ಕಂತೆ 24ರಿಂದ 36 ತಾಸು ಬೇಕು. ಹಿಡಿಯಲ್ಲಿ ಹಿಸುಕಿದಾಗ ಜಾರದೆ ಹರಳಿನಂತೆ ಒರಟಾಗಿ ಹತ್ತಿದರೆ ತೊಳೆಯುವ ಹೊತ್ತಾಯಿತೆಂದು ತಿಳಿಯಿರಿ. ಗಡಿಯಾರಕ್ಕಿಂತ ಕೈಯೇ ಮೇಲು. ತೊಳೆದ ನೀರನ್ನು ಹಳ್ಳಕ್ಕೆ ಬಿಡಬೇಡಿರಿ. ಕೆಳಗಿನ ಊರಿನವರು ಅದನ್ನೇ ಕುಡಿಯುತ್ತಾರೆ. ಪಾರ್ಚ್‌ಮೆಂಟನ್ನು ಬಿದಿರು-ಬಲೆಯ ಅಟ್ಟಣಿಗೆಯ ಮೇಲೆ ತೆಳ್ಳಗೆ ಹರಡಿ, ಮೇಲಿಂದ ಮೇಲೆ ಕೈಯಾಡಿಸಿ, ನಡುಹಗಲಿನ ಉರಿಬಿಸಿಲಿಗೆ ಮುಚ್ಚಿ, ರಾತ್ರಿ ಇಬ್ಬನಿಗೆ ಮುಚ್ಚಿ, ತೇವ ನೂರಕ್ಕೆ 10ರ ಸುಮಾರಿಗೆ ಬರುವವರೆಗೆ ಒಣಗಿಸಬೇಕು. ಹಣ್ಣನ್ನು ಇಡಿಯಾಗಿ ಒಣಗಿಸುವುದಾದರೆ ಎರಡು ವಾರ, ಮೋಡವಿದ್ದರೆ ಇನ್ನೂ ಹೆಚ್ಚು. ಒಣಗಿದ ಮೇಲೆ ಗೊಬ್ಬರ, ಔಷಧಿ, ಸೀಮೆಎಣ್ಣೆ, ಕಾಳುಮೆಣಸು ಇರುವ ಕೋಣೆಯಲ್ಲಿ ಇಡಕೂಡದು. ಕಾಫಿ ಬೀಜ ಮಗ್ಗುಲಿನ ವಾಸನೆಯನ್ನು ಹೀರಿಕೊಳ್ಳುತ್ತದೆ.

ಇದನ್ನೆಲ್ಲ ಓದಿದರೆ ಒಂದು ಸಂಗತಿ ಹೊಳೆಯುತ್ತದೆ. ಇದು ದೊಡ್ಡ ಎಸ್ಟೇಟಿಗಿಂತ ಮನೆತನದ ಚಿಕ್ಕ ತೋಟಕ್ಕೆ ಹೊಂದುವ ಕೆಲಸ. ಕಿಲೋ ಲೆಕ್ಕದಲ್ಲಿ ಕೂಲಿ ಪಡೆಯುವ ಆಳು ಹಸಿ-ಹಣ್ಣು ಕೂಡಿಸಿ ಸವರುತ್ತಾರೆ. ಅವರನ್ನು ಬೈದು ಫಲವಿಲ್ಲ, ಕೂಲಿಯ ಕ್ರಮವೇ ಹಾಗಿದೆ. ಮನೆಯವರು ಕೊಯ್ದರೆ ಕಣ್ಣಿಟ್ಟು ಕೊಯ್ಯುತ್ತಾರೆ. ರಾತ್ರಿ ಹನಿ ಬಿದ್ದರೆ ಎದ್ದು ಓಡುವುದು ಮನೆಯವರೇ. 2021ರ ಜನವರಿಯ ಮೊದಲಲ್ಲಿ ಅಕಾಲಿಕ ಮಳೆ ಸುರಿದಾಗ ಕಣದಲ್ಲಿದ್ದ ಕಾಫಿಯ ಗತಿ ಏನಾಯಿತೆಂದು ಚಿಕ್ಕಮಗಳೂರು, ಕೊಡಗಿನವರನ್ನು ಕೇಳಿ ನೋಡಿರಿ.

ಮನೆತನದ ತೋಟ ಇದಕ್ಕೆ ಹೊಂದುತ್ತದೆ ಎಂದು ಹೇಳುವಲ್ಲಿಗೆ ಎಲ್ಲರೂ ನಿಲ್ಲಿಸಿಬಿಡುತ್ತಾರೆ. ನನ್ನ ತಕರಾರು ಇಲ್ಲಿಂದ ಶುರು. ಆ 'ಮನೆಯವರು' ಯಾರು? ಹಣ್ಣು ಆಯುವವಳು ಮನೆಯ ಹೆಂಗಸು, ಹಸಿಕಾಯಿ ಹೆಕ್ಕುವವಳು ಅತ್ತೆ, ಅಟ್ಟಣಿಗೆಯ ಮೇಲೆ ಕೈಯಾಡಿಸುವವಳು ಸೊಸೆ, ಶಾಲೆಯಿಂದ ಬಂದು ಚೀಲ ಹೊದಿಸುವವರು ಮಕ್ಕಳು. ಹಣ ಎಣಿಸುವಾಗ ಮಾತ್ರ ಯಜಮಾನ ಕೂಲಿಯ ಆಳಿಗೆ ಕೊಟ್ಟದ್ದನ್ನಷ್ಟೇ ಖರ್ಚಿಗೆ ಹಿಡಿದು, "ವಿಶೇಷ ಕಾಫಿಯಲ್ಲಿ ಚೀಲಕ್ಕೆ ಇಷ್ಟು ಹೆಚ್ಚು ಲಾಭ" ಎನ್ನುತ್ತಾನೆ. ಅದು ಲಾಭವೋ, ಮನೆಯ ಹೆಂಗಸರ ಕೊಡದೆ ಉಳಿಸಿದ ಕೂಲಿಯೋ?

ಒಂದು ಲೆಕ್ಕ ಹಾಕೋಣ. ಇದರಲ್ಲಿ ಆಳಿನ ಅಂಕಿಗಳು ಲೆಕ್ಕಕ್ಕಾಗಿ ನಾನು ಹಿಡಿದವು. ನಿಮ್ಮ ಊರಿನವನ್ನು ನೀವು ಹಾಕಿಕೊಳ್ಳಿರಿ. ಅರೇಬಿಕಾದಲ್ಲಿ ಸುಮಾರು 6 ಕಿಲೋ ಹಣ್ಣಿಗೆ 1 ಕಿಲೋ ಹಸನಾದ ಬೀಜ ಬರುತ್ತದೆ. 50 ಕಿಲೋ ಪಾರ್ಚ್‌ಮೆಂಟಿನ ಚೀಲದಿಂದ ಸುಮಾರು 40 ಕಿಲೋ ಬೀಜ. ಹಾಗಾದರೆ ಒಂದು ಚೀಲಕ್ಕೆ 240 ಕಿಲೋ ಹಣ್ಣು, ನಾಲ್ಕು ಚೀಲದ ಒಂದು ರಾಶಿಗೆ 960 ಕಿಲೋ. ಕಂಡದ್ದನ್ನೆಲ್ಲ ಸವರಿದರೆ ಒಂದು ಆಳು ದಿನಕ್ಕೆ 60 ಕಿಲೋ ತೆಗೆದರೆ, ಕೆಂಪನ್ನೇ ಆಯ್ದರೆ 40 ಕಿಲೋ ಎಂದಿಟ್ಟುಕೊಳ್ಳಿರಿ. ಮೊದಲಿನದಕ್ಕೆ 16 ಆಳು, ಎರಡನೆಯದಕ್ಕೆ 24 ಆಳು. ಹಣ್ಣು ತೇಲಿಸಿ ಹೆಕ್ಕಲು ಇನ್ನೂ 2 ಆಳು. ಅಟ್ಟಣಿಗೆಯ ಮೇಲೆ ಹೊತ್ತು ಹೊತ್ತಿಗೆ ಕೈಯಾಡಿಸಿ ಮುಚ್ಚಲು ಸಾಮಾನ್ಯ ಕಣಕ್ಕಿಂತ 3 ಆಳು ಹೆಚ್ಚು. ಒಟ್ಟು ಹೆಚ್ಚಿನ ಕೆಲಸ 13 ಆಳು. ಕೂಲಿ 500 ರೂಪಾಯಿ ಎಂದರೆ 6,500 ರೂಪಾಯಿ, ಚೀಲಕ್ಕೆ 1,625. ಅಟ್ಟಣಿಗೆಯ ಸವಕಳಿ, ಮಾದರಿ ಕಳಿಸುವ ವೆಚ್ಚ, ಹಣ ತಡವಾಗಿ ಬಂದದ್ದಕ್ಕೆ ಬಡ್ಡಿ ಬೇರೆ. ಪೂರ್ತಿ ಹಣ್ಣಾದದ್ದರಲ್ಲಿ ತೂಕ ಚೆನ್ನಾಗಿ ಬರುವುದರಿಂದ ಒಂದಿಷ್ಟು ತಿರುಗಿ ಬರುತ್ತದೆ, ಅದನ್ನೂ ಕಳೆಯಿರಿ. ಕೊಳ್ಳುವವನು ಪೇಟೆಯ ಧಾರಣೆಗಿಂತ ಚೀಲಕ್ಕೆ ಸಾವಿರ ರೂಪಾಯಿ ಹೆಚ್ಚು ಕೊಡುತ್ತೇನೆಂದು ನಗುತ್ತ ಬಂದರೆ, ಆ ನಗುವಿಗೆ ಮರುಳಾಗುವ ಮೊದಲು ಈ ಲೆಕ್ಕ ನಿಮ್ಮ ಕೈಯಲ್ಲಿರಬೇಕು.

ಹಾಗಾದರೆ ಮಾಡಲೇಬಾರದೇ? ಹಾಗೆ ನಾನು ಹೇಳುವುದಿಲ್ಲ. ಇಡೀ ತೋಟದ ಪೀಕನ್ನು ವಿಶೇಷ ಮಾಡುತ್ತೇನೆಂದು ಹೊರಡಬೇಡಿರಿ ಎಂಬುದು ನನ್ನ ಮಾತು. ತೋಟದಲ್ಲಿ ಎಲ್ಲಕ್ಕೂ ಮೇಲಿನ, ತಂಪಾದ, ಒಂದೇ ತಳಿಯ ಒಂದು ತುಂಡನ್ನು ಆರಿಸಿರಿ. ಮುಖ್ಯ ಕೊಯ್ಲಿನ ನಡುವಿನ ಒಂದು ವಾರದ ಹಣ್ಣನ್ನು ಮಾತ್ರ ಬೇರೆ ಇಡಿರಿ. ನಾಲ್ಕು ಚೀಲ ಸಾಕು. ಆ ದಿನಗಳಿಗೆ ಹೊರಗಿನ ಆಳನ್ನು ಕಿಲೋ ಲೆಕ್ಕಕ್ಕೆ ಹಚ್ಚದೆ ದಿನಗೂಲಿಗೆ ಹಚ್ಚಿರಿ. ಮನೆಯವರು ದುಡಿದರೆ ಅದೇ ದರದಲ್ಲಿ ಅವರ ಹೆಸರಿಗೆ ಬರೆಯಿರಿ. ಬರೆದ ಮೇಲೆ ಕೊಡಿರಿ ಎಂದೂ ಸೇರಿಸುತ್ತೇನೆ. ಇದನ್ನು ಓದಿ ಕೆಲವು ಯಜಮಾನರಿಗೆ ಸಿಟ್ಟು ಬರಬಹುದು, ಬರಲಿ. ಉಳಿದ ಪೀಕನ್ನು ಎಂದಿನಂತೆ ಮಾರಿ ಸಾಲ ತೀರಿಸಿರಿ.

ಧಾರಣೆ ಏರಿದಾಗ ಈ ತಾಪತ್ರಯ ಏಕೆ, ಸವರಿ ಮಾರಿದರೂ ಹಣ ಬರುತ್ತದಲ್ಲ ಎಂದು ಕೇಳುವವರಿದ್ದಾರೆ. 2025ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ಪೇಟೆಯಲ್ಲಿ ಅರೇಬಿಕಾ ಪೌಂಡಿಗೆ 4 ಡಾಲರು ದಾಟಿತ್ತು. ಅಂತಹ ವರ್ಷದಲ್ಲಿ ವಿಶೇಷ ಕಾಫಿಗೂ ಸಾಮಾನ್ಯ ಕಾಫಿಗೂ ನಡುವಿನ ಅಂತರ ಕಿರಿದಾಗಿ ಕಾಣುತ್ತದೆ, ನಿಜ. ಆದರೆ ಕಾಫಿಯ ಚರಿತ್ರೆ ಏರಿದ್ದು ಇಳಿದ ಚರಿತ್ರೆ. 1975ರಲ್ಲಿ ಬ್ರೆಜಿಲಿನಲ್ಲಿ ಮಂಜು ಬಿದ್ದು ಏರಿತು. 1989ರಲ್ಲಿ ದೇಶ ದೇಶಗಳ ಪಾಲಿನ ಒಪ್ಪಂದ ಮುರಿದು ಇಳಿಯಿತು. 1994ರ ಮಂಜಿಗೆ ಮತ್ತೆ ಏರಿ, ಹೊಸ ಶತಮಾನದ ಬಾಗಿಲಲ್ಲಿ ನೆಲ ಕಚ್ಚಿತು. ಕೈಗೆ ಕೆಲಸ ಕಲಿಸಲು ಧಾರಣೆ ಇದ್ದ ವರ್ಷವೇ ಸರಿಯಾದದ್ದು, ಆಗ ಒಂದೆರಡು ಚೀಲ ಕೆಟ್ಟರೂ ಮನೆ ಮುಳುಗುವುದಿಲ್ಲ. ಇಳಿದ ವರ್ಷದಲ್ಲಿ ಕಲಿಯಲು ಹೊರಟವನಿಗೆ ಕೊಳ್ಳುವವನ ಪರಿಚಯವೂ ಇರುವುದಿಲ್ಲ, ಕೈಯಲ್ಲಿ ಹಣವೂ ಇರುವುದಿಲ್ಲ.

ನಾಲ್ಕು ಚೀಲವನ್ನು ಒಬ್ಬನೇ ಹೊತ್ತು ಎಲ್ಲಿಗೆ ಹೋಗುವುದು ಎಂಬ ತೊಡಕು ಇದ್ದೇ ಇದೆ. ಆಂಧ್ರದ ಅರಕು ಕಣಿವೆಯನ್ನು ನೋಡಿರಿ. ಅಲ್ಲಿಯ ಬೆಳೆಗಾರರು ಒಂದೆರಡು ಎಕರೆಯ ಆದಿವಾಸಿಗಳು. ಒಟ್ಟಾಗಿ ಸಂಸ್ಕರಿಸಿದ್ದರಿಂದ ಅವರ ಕಣಿವೆಯ ಹೆಸರಿನ ಕಾಫಿ 2017ರಲ್ಲಿ ಪ್ಯಾರಿಸ್ ನಗರದ ಅಂಗಡಿಯವರೆಗೆ ಹೋಯಿತು. 2019ರಲ್ಲಿ ಅರಕು ಅರೇಬಿಕಾದ ಜೊತೆಗೆ ಬಾಬಾಬುಡನ್‌ಗಿರಿ, ಚಿಕ್ಕಮಗಳೂರು, ಕೊಡಗಿನ ಅರೇಬಿಕಾಗಳಿಗೂ ವಯನಾಡಿನ ರೊಬಸ್ಟಾಕ್ಕೂ ಭೌಗೋಳಿಕ ಗುರುತು ಸಿಕ್ಕಿತು. ಆದರೆ ಗುರುತಿನ ಚೀಟಿ ತಾನಾಗಿ ಧಾರಣೆ ತರುವುದಿಲ್ಲ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿಯೇ ಅದು ಬಂದಿದೆ. ಆ ಗುರುತಿನಿಂದ ನಿಮ್ಮ ಚೀಲಕ್ಕೆ ಎಷ್ಟು ಹೆಚ್ಚು ಸಿಕ್ಕಿತೆಂದು ನೀವೇ ಹೇಳಿರಿ. ಒಂದೇ ಬೆಟ್ಟದ ಹತ್ತು ಮನೆಗಳು ಸೇರಿ ಒಂದು ಪಲ್ಪರು, ಒಂದು ತೇವಮಾಪಕ, ಒಂದು ಒಣ ಗೋದಾಮು ಇಟ್ಟುಕೊಂಡು, ಆದರೆ ಪ್ರತಿ ಮನೆಯ ರಾಶಿಗೆ ಬೇರೆ ಸಂಖ್ಯೆ ಕೊಟ್ಟರೆ ದೊಡ್ಡ ಕೊಳ್ಳುವವನೂ ಬರುತ್ತಾನೆ, ಹೆಸರೂ ಉಳಿಯುತ್ತದೆ. ಎಲ್ಲವನ್ನೂ ಒಂದು ಮಾಡಿಬಿಟ್ಟರೆ ನೀವೇ ಇನ್ನೊಂದು ಪೂಲು ಕಟ್ಟಿದಂತಾಯಿತು.

ಈಗ ಶಿರಸಿ ಕಡೆಯವರ ಪ್ರಶ್ನೆಗೆ ಬರೋಣ. ಅರೇಬಿಕಾಕ್ಕೆ 1,000 ಮೀಟರಿಗೆ ಮೇಲ್ಪಟ್ಟ ಎತ್ತರ ಬೇಕು. ಶಿರಸಿ ಇರುವುದು ಸುಮಾರು 600 ಮೀಟರಿನಲ್ಲಿ. ಅಲ್ಲಿ ಅರೇಬಿಕಾ ಹಾಕಿ ಬಾಬಾಬುಡನ್‌ಗಿರಿಯ ರುಚಿ ಬರಲಿ ಎಂದರೆ ಬಾರದು, ಕಾಂಡ ಕೊರಕ ಮಾತ್ರ ಖಂಡಿತ ಬರುತ್ತದೆ. ನಿಮ್ಮ ನೆಲಕ್ಕೆ ರೊಬಸ್ಟಾ ಸರಿ. ಫೆಬ್ರವರಿ-ಮಾರ್ಚಿನಲ್ಲಿ ಹೂಮಳೆ ಬಾರದಿದ್ದರೆ ನೀರು ಹಾಯಿಸುವ ಅನುಕೂಲ ಇರಬೇಕು, ಅಡಿಕೆ ತೋಟದಲ್ಲಿ ಅದು ಬಹುಮಟ್ಟಿಗೆ ಇರುತ್ತದೆ. ರೊಬಸ್ಟಾ ಎಂದರೆ ಕೀಳು ಎಂದು ತಿಳಿಯಬೇಡಿರಿ. ಹಣ್ಣಾದದ್ದನ್ನೇ ಕೊಯ್ದು ತೊಳೆದು ಒಣಗಿಸಿದ ರೊಬಸ್ಟಾಕ್ಕೆ 'ಕಾಪಿ ರಾಯಲ್' ಎಂಬ ವಿಶೇಷ ದರ್ಜೆ ಮೊದಲಿನಿಂದಲೂ ಇದೆ. ಒಟ್ಟಾಗಿ ಮಾರುವುದನ್ನು ನಿಮಗೆ ಹೊರಗಿನವರು ಕಲಿಸಬೇಕಿಲ್ಲ. 1923ರಲ್ಲಿಯೇ ಶಿರಸಿಯಲ್ಲಿ ತೋಟಗಾರರ ಸಹಕಾರಿ ಮಾರಾಟ ಸಂಘ ಕಟ್ಟಿ, ಅಡಿಕೆಯನ್ನು ರಾಶಿ, ಬೆಟ್ಟೆ, ಚಾಲಿ ಎಂದು ಬೇರ್ಪಡಿಸಿ ಮಾರಿದವರ ಮೊಮ್ಮಕ್ಕಳು ನೀವು. ಅಡಿಕೆ ಸುಲಿಯುವ ಕೆಲಸವೂ ಕಾಫಿ ಕೊಯ್ಲೂ ಒಂದೇ ಹಂಗಾಮಿಗೆ ಬೀಳುತ್ತವೆ ಎಂಬುದನ್ನು ಮಾತ್ರ ಮರೆಯಬೇಡಿರಿ. ಆ ಎರಡು ತಿಂಗಳು ನಿಮ್ಮ ಮನೆಯಲ್ಲಿ ಎಷ್ಟು ಕೈಗಳಿವೆ ಎಂದು ಎಣಿಸಿದ ಮೇಲೆಯೇ ಗಿಡದ ಸಂಖ್ಯೆಯನ್ನು ತೀರ್ಮಾನಿಸಿರಿ.

ಹುರಿದು, ಪೊಟ್ಟಣ ಕಟ್ಟಿ, ಹುಬ್ಬಳ್ಳಿ ಪೇಟೆಯಲ್ಲಿ ಮಾರುವ ಯೋಚನೆ ಸದ್ಯಕ್ಕೆ ಬೇಡ. ಅದು ಬೇರೆಯೇ ವ್ಯಾಪಾರ, ಬೇರೆಯೇ ಬಂಡವಾಳ. ಮೊದಲು ನಿಮ್ಮ ಕಾಫಿಯ ರುಚಿ ಏನೆಂದು ನೀವು ತಿಳಿಯಿರಿ. ವರ್ಷವಿಡೀ ಬೆಳೆದು, ತನ್ನ ಕಾಫಿಯನ್ನು ತಾನೇ ಒಮ್ಮೆಯೂ ಚಿಕೋರಿ ಇಲ್ಲದೆ ಕುಡಿದು ನೋಡದ ಬೆಳೆಗಾರರೇ ಹೆಚ್ಚು. ಬೆಂಗಳೂರಿನ ಕಾಫಿ ಮಂಡಳಿಯ ಗುಣಮಟ್ಟ ಪ್ರಯೋಗಾಲಯದಲ್ಲಿ ರುಚಿ ಪರೀಕ್ಷೆ ಮಾಡಿಸಬಹುದು. ಮಾದರಿ ಕಳಿಸುವಾಗ ಚೀಟಿಯ ಮೇಲೆ ತುಂಡಿನ ಹೆಸರು, ತಳಿ, ಕೊಯ್ದ ದಿನ, ಲೋಳೆ ಬಿಡಿಸಿದ ತಾಸು, ಒಣಗಿದ ದಿನಗಳು ಇಷ್ಟನ್ನು ಬರೆಯಿರಿ. ಅದರ ನಕಲನ್ನು ನಿಮ್ಮ ವಹಿಯಲ್ಲಿ ಅಂಟಿಸಿ, ಪಕ್ಕದಲ್ಲಿ ಕೆಲಸ ಮಾಡಿದವರ ಹೆಸರು ಮತ್ತು ದಿನಗಳನ್ನು ಹಾಕಿರಿ. ವಹಿಯನ್ನು ಮನೆಯಲ್ಲಿ ಅಕ್ಷರ ಬಲ್ಲ ಹೆಣ್ಣುಮಗಳ ಕೈಗೆ ಕೊಟ್ಟರೆ ದಿನಗಳು ತಪ್ಪುವುದಿಲ್ಲ.